ಊರ ಮನೆಗೆ ಟೈಲ್ಸ್ ಹಾಕಿಸುವ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ, ಬೆಂಗಳೂರು, ಪುಣೆ, ಗೋವಾ ಕಡೆ ದುಡಿಯುತ್ತ, ಶಿರಹಟ್ಟಿ ಸೀಮೆಯ ಹಳೆ ಮನೆಗಳ ರಿಪೇರಿಗೆ ರೊಕ್ಕ ಕಳಿಸುವ ತಮ್ಮ-ತಂಗಿಯರಿಗೆಲ್ಲ ಶರಣು.

ನಿಮ್ಮಲ್ಲಿ ಬಹಳ ಮಂದಿಯ ಮುಖ ನಾನು ನೋಡಿಲ್ಲ. ಆದರೆ ನೀವು ಕಳಿಸುವ ಫೋಟೊ ನೋಡಿದ್ದೇನೆ. ನಿಮ್ಮಪ್ಪ ಹಾರ್ಡ್‌ವೇರ್ ಅಂಗಡಿಗೆ ಬರುತ್ತಾರೆ, ಒಳಜೇಬಿನಿಂದ ಮೊಬೈಲ್ ತೆಗೆಯುತ್ತಾರೆ, "ಹುಡುಗ ಇದನ್ನ ಕಳಿಸ್ಯಾನ್ರಿ ಸಾವ್ಕಾರ್ರ, ಇಂಥಾದು ಐತೇನು?" ಅನ್ನುತ್ತಾರೆ. ಫೋಟೊದಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಹಾಲು, ಕೆನೆ ಬಣ್ಣದ ಟೈಲ್ಸು, ಮೇಲಿನ ದೀಪ ಕೆಳಗೆ ನೆಲದಲ್ಲೂ ಕಾಣುವಷ್ಟು ಹೊಳಪು. ಇಂಥಾದು ಇದೆ, ಕೊಡುತ್ತೇನೆ. ಮಾರುವುದು ನನ್ನ ಕಸುಬು. ಆದರೆ ಕೊಟ್ಟ ಮಾಲು ಎರಡು ಮಳೆಗಾಲ ಕಳೆಯುವುದರೊಳಗೆ ಎದ್ದು ನಿಂತಿದೆ ಎಂದು ಅದೇ ಹಿರಿಯರು ಮತ್ತೆ ಬರುವುದನ್ನೂ ಗಲ್ಲೆಯ ಹಿಂದೆ ಕೂತು ನೋಡುತ್ತೇನೆ. ಅದಕ್ಕೇ ಈ ಪತ್ರ.

ಹೇಳಬೇಕಾದದ್ದು ಒಂದೇ. ನೀವು ಕಳಿಸುವ ರೊಕ್ಕದಲ್ಲಿ ದೊಡ್ಡ ಪಾಲು ನೆಲದ ಕೆಳಗೆ ಹೋಗಲಿ. ಮೇಲಿನ ಹೊಳಪಿಗೆ ಉಳಿದದ್ದು ಸಾಕು.

ಗೋವಾದಲ್ಲಿ ಕಟ್ಟಡದ ಕೆಲಸಕ್ಕೇ ಇರುವ ತಾಂಡಾದ ಹುಡುಗರು ಕೆಲವರು ನನಗೇ ಪಾಠ ಹೇಳುತ್ತಾರೆ: "ಅಲ್ಲಿ ನಾವು ಮಣ್ಣ ಮ್ಯಾಲೆ ಸೀದಾ ಕಾಂಕ್ರೀಟ್ ಹಾಕಿ ಟೈಲ್ಸ್ ಹೊಡೀತೀವ್ರಿ, ಏನೂ ಆಗಂಗಿಲ್ಲ." ಆಗುವುದಿಲ್ಲ, ನಿಜ. ಅಲ್ಲಿ ಕಾಲಡಿ ಇರುವುದು ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ನೀರು ಬಿದ್ದರೆ ಬಸಿದು ಹೋಗುತ್ತದೆ. ನಮ್ಮದು ಹಾಗಲ್ಲ. ಕಪ್ಪತಗುಡ್ಡದ ಮಗ್ಗುಲಲ್ಲಿ ಮಸಾರಿ ಇದೆ, ಅಲ್ಲಿ ಮನೆ ಇದ್ದವರು ಪುಣ್ಯವಂತರು. ಬಯಲಿಗೆ ಇಳಿದಂತೆ ಎರೆ. ಎರೆ ಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಅದರ ಗುಣ. ಬೇಸಿಗೆಯಲ್ಲಿ ಹೊಲ ಅಂಗೈ ತೂರುವಷ್ಟು ಬಿರುಕು ಬಿಡುವುದು, ಮಳೆ ಹಿಡಿದ ಮೇಲೆ ಅದೇ ಬಿರುಕು ಕೂಡಿಕೊಳ್ಳುವುದು ಇದರಿಂದಲೇ. ಮೇಲೆ ಮನೆ ಕಟ್ಟಿದ್ದಾರೆ ಎಂದು ಆ ಮಣ್ಣು ತನ್ನ ಗುಣ ಬಿಡುವುದಿಲ್ಲ. ಬಚ್ಚಲ ನೀರು ಇಂಗುವ ಮೂಲೆಯಲ್ಲಿ ಉಬ್ಬುತ್ತದೆ, ಪಡಸಾಲೆಯ ನಡುವೆ ಒಣಗಿ ಕುಗ್ಗುತ್ತದೆ. ಒಂದೇ ಕೋಣೆಯ ನೆಲದಲ್ಲಿ ಎರಡು ಕಡೆ ಎರಡು ಥರ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಇದು ತಾಕುತ್ತಿರಲಿಲ್ಲ. ಬಿರುಕು ಬಿಟ್ಟರೆ ಅವ್ವ ಅಮಾವಾಸ್ಯೆಗೊಮ್ಮೆ ಮೆತ್ತುತ್ತಿದ್ದಳು, ಮುಗಿಯಿತು. ಎರಡಡಿಗೆ ಎರಡಡಿ ಟೈಲ್ಸು ಬಾಗುವುದಿಲ್ಲ, ಒಡೆಯುತ್ತದೆ.

ಎರೆಯಲ್ಲಿ ತೇವದ ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರುತ್ತದೆ ಎಂಬುದು ಎಂಜಿನಿಯರರ ಲೆಕ್ಕ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆ ನೆಲಕ್ಕೆಂದೇ, ಬುಡದಲ್ಲಿ ಗಂಟಿನಂತೆ ಅಗಲವಾಗುವ ಕಾಂಕ್ರೀಟ್ ಕಂಬದ ಪಾಯ ರೂಪಿಸಿದ್ದು ಈ ಕಾರಣಕ್ಕೆ. ಹೊಸ ಮನೆ ಕಟ್ಟುವವರು ಅದನ್ನು ವಿಚಾರಿಸಿ. ನಿಮ್ಮದು ರಿಪೇರಿ, ಅಷ್ಟು ಬೇಡ. ಹಳೆ ನೆಲ ಕಿತ್ತ ಮೇಲೆ ಒಂದೂವರೆ-ಎರಡು ಅಡಿ ಎರೆ ಮಣ್ಣು ತೆಗೆಸಿ ಹೊರಗೆ ಹಾಕಿಸಿ. ಆ ಜಾಗಕ್ಕೆ ಗರಸು. ಅದನ್ನೂ ಒಂದೇ ಸಲ ಸುರಿದು ಮೇಲೆ ತುಳಿಯುವುದಲ್ಲ. ಆರಾರು ಇಂಚು ಹರಡಿ, ನೀರು ಹೊಡೆದು, ದಿಮ್ಮಸಿನಿಂದ ಬಡಿದು, ಮತ್ತೆ ಆರಿಂಚು. ಅದರ ಮೇಲೆ ಕಲ್ಲಿನ ಸೋಲಿಂಗು, ಅದರ ಮೇಲೆ ನಾಲ್ಕಿಂಚು ಕಾಂಕ್ರೀಟು, ಆಮೇಲೆ ಟೈಲ್ಸಿನ ಮಾತು. ಮನೆಯ ಹೊರಗೆ ಗೋಡೆಗುಂಟ ಸುತ್ತಲೂ ಮೂರಡಿ ಕಟ್ಟೆ, ಹೊರಕ್ಕೆ ವಾಟ ಇರುವ ಹಾಗೆ. ಬಚ್ಚಲ ನೀರು ಪೈಪಿನಲ್ಲಿ ಗಟಾರಕ್ಕೆ ಸೇರಬೇಕು. ಗೋಡೆಯ ಬುಡಕ್ಕೆ ಬಾಳೆ ಹಚ್ಚಿ ಅದಕ್ಕೆ ಬಚ್ಚಲ ನೀರು ಬಿಡುವ ರೂಢಿ ನಮ್ಮಲ್ಲಿ ಬಹಳ. ಬಾಳೆ ಚೆನ್ನಾಗಿ ಬರುತ್ತದೆ, ಗೋಡೆ ಸೀಳುತ್ತದೆ. ಬಾಳೆ ಹಿತ್ತಲಿನ ಆಚೆ ಮೂಲೆಗೆ ಹೋಗಲಿ.

ಇದೆಲ್ಲ ಮಾಡಿಸಿದರೆ ಫೋನಿನಲ್ಲಿ ತೋರಿಸಲು ಏನೂ ಇರುವುದಿಲ್ಲ, ಗೊತ್ತು. "ಎಂಟು ದಿನಾತು, ಬರೇ ಮಣ್ಣ ಹೊರಾಕತ್ತಾರ" ಎಂದು ಅಪ್ಪ ಬೇಸರ ಮಾಡಿಕೊಳ್ಳುತ್ತಾರೆ. ಸಮಾಧಾನ ಹೇಳಬೇಕಾದವರು ನೀವು.

ಎರೆಯ ಜೊತೆಗೆ ಇನ್ನೊಂದು ವಿಷಯ ಇದೆ, ಅದನ್ನು ಮನೆಯ ಹಿರಿಯರನ್ನು ಬಿಟ್ಟರೆ ಯಾವ ಎಂಜಿನಿಯರೂ ಹೇಳಲಾರ: ಹಗೇವು. ನಿಮ್ಮಲ್ಲಿ ಚಿಕ್ಕವರಿಗೆ ಆ ಹೆಸರೂ ಮರೆತಿರಬಹುದು. ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ, ಒಳಗೆ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು. ಅಂಗಳದಲ್ಲಿ, ಓಣಿಯಲ್ಲಿ, ಎಷ್ಟೋ ಕಡೆ ಪಡಸಾಲೆಯಲ್ಲಿಯೇ ಇರುತ್ತಿದ್ದವು. ಚೀಲ, ಗೋದಾಮು ಬಂದ ಮೇಲೆ ಹಗೇವು ಬೇಡವಾದವು. ಯಾರೂ ಸರಿಯಾಗಿ ತುಂಬಲಿಲ್ಲ. ಕಸ, ಬೂದಿ, ಒಡೆದ ಹಂಚು ಹಾಕಿ ಮೇಲೆ ಮಣ್ಣು ಎಳೆದರು. ನಮ್ಮದೇ ಜಿಲ್ಲೆಯ ನರಗುಂದದಲ್ಲಿ ಕೆಲವು ವರ್ಷಗಳ ಹಿಂದೆ ಮನೆಯೊಳಗೆ, ಓಣಿಯೊಳಗೆ ನೆಲ ಕುಸಿಯುತ್ತ ಹೋದಾಗ ಈ ಹಳೆ ಹಗೇವುಗಳ ಮಾತೇ ಎದ್ದಿತು. ಅಂಥ ತಗ್ಗಿನ ಮೇಲೆ ನೀವು ಟೈಲ್ಸು, ಟೈಲ್ಸಿನ ಮೇಲೆ ಗೋದ್ರೆಜ್ ಕಪಾಟು ನಿಲ್ಲಿಸಿದರೆ ಏನಾದೀತು, ಯೋಚಿಸಿ.

ಹಾಗಾಗಿ ಕೆಲಸ ಶುರುವಾಗುವ ಮೊದಲು ಅಜ್ಜಿಯನ್ನು ಕೇಳಿ. ಅಜ್ಜಿ ಇಲ್ಲದಿದ್ದರೆ ನೆರೆಮನೆಯ ಅಜ್ಜಿಯನ್ನು. ಅನುಮಾನ ಇದ್ದ ಕಡೆ ಹಾರಿಯಿಂದ ಕುಟ್ಟಿಸಿ; ಪೊಳ್ಳು ಸಪ್ಪಳ ಬಂದರೆ ಅಗೆಸಿ. ಹಗೇವು ಸಿಕ್ಕರೆ ಯಾರನ್ನೂ ಕೂಡಲೇ ಒಳಗೆ ಇಳಿಸಬೇಡಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಉಸಿರು ಕಟ್ಟುತ್ತದೆ. ಹಿಂದಿನವರು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಪೂರ್ತಿ ಗಾಳಿಯಾಡಿದ ಮೇಲೆ ಒಳಗಿನ ಸಡಿಲ ಕಸ ತೆಗೆದು, ತಳದಿಂದ ಗರಸು ಹಾಕಿ ಬಡಿಯುತ್ತ ಬರಬೇಕು. ಎರಡು ಟ್ರ್ಯಾಕ್ಟರ್ ಗರಸು ಹಿಡಿಯಬಹುದು. ಹಿಡಿಯಲಿ.

ಇನ್ನು ಮೇಲೆ ಏನು ಹಾಸುವುದು.

ನನ್ನನ್ನು ಕೇಳಿದರೆ, ವಯಸ್ಸಾದವರು ಇಬ್ಬರೇ ಇರುವ ಮನೆಗೆ ಶಹಾಬಾದ್ ಫರಸಿಯಷ್ಟು ಒಳ್ಳೆಯದು ಬೇರೆ ಇಲ್ಲ. ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು ಅದು. ಪಾಲಿಷ್ ಮಾಡದ ಮೈ ಸ್ವಲ್ಪ ಒರಟು, ಒದ್ದೆ ಕಾಲಿಗೂ ಹಿಡಿತ ಕೊಡುತ್ತದೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಬರೀ ಮೈಯಲ್ಲಿ ಅಡ್ಡಾದ ಸುಖ ನಿಮಗೂ ಗೊತ್ತು. ಶೇಂಗಾ ಚೀಲ ಎಳೆದಾಡಿದರೂ, ಖಾರ ಕುಟ್ಟಿದರೂ, ಹಾರಿ ಕೈಜಾರಿ ಬಿದ್ದರೂ ಒಂದು ಚಕ್ಕೆ ಹೋದೀತು, ಕಲ್ಲು ಉಳಿದೀತು. ಅದರ ಶತ್ರು ಒಂದೇ, ಆ್ಯಸಿಡ್. ಸುಣ್ಣಕಲ್ಲಿನ ಮೇಲೆ ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಬುರುಗು ಎದ್ದು ಕಲ್ಲು ತಿಂದುಹೋಗುತ್ತದೆ. ನಮ್ಮ ಬೋರಿನ ನೀರು ಗಡಸು. ನಲ್ಲಿಯ ಕೆಳಗೆ ಬಿಳಿ ಪದರ ಕಟ್ಟುತ್ತದೆ, ಅದನ್ನು ತೆಗೆಯಲು ಎಲ್ಲರೂ ಆ್ಯಸಿಡ್ ಬಾಟಲಿಗೇ ಕೈ ಹಾಕುತ್ತಾರೆ. ಅಂಥ ಕಡೆ ಫರಸಿ ಬೇಡ.

"ಫರಸಿ ಹಾಕಿದರೆ ಮಂದಿ ಏನಂತಾರ, ಹುಡುಗ ಬೆಂಗಳೂರಾಗ ಅದಾನ ಅಂತೀರಿ" ಎಂದು ನಿಮ್ಮವ್ವನೇ ಹೇಳಬಹುದು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಟೈಲ್ಸೇ ಆಗಲಿ, ಆದರೆ ಮ್ಯಾಟ್ ಫಿನಿಶ್ ಇರಲಿ. ಕೆಲವು ಕಂಪನಿಗಳು ಜಾರದ ಗುಣಕ್ಕೆ ಆರ್ 9, ಆರ್ 10, ಆರ್ 11 ಎಂದು ಗುರುತು ಕೊಡುತ್ತವೆ. ಅಂಕಿ ಹೆಚ್ಚಾದಷ್ಟು ಜಾರುವುದು ಕಡಿಮೆ. ಬಚ್ಚಲಿಗೆ ಆರ್ 11 ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹೊಳೆಯುವ ಟೈಲ್ಸಿನ ಮೇಲೆ ಕೊಡದಿಂದ ತುಳುಕಿದ ನಾಲ್ಕು ಹನಿ ನೀರು ಕಣ್ಣಿಗೆ ಕಾಣುವುದೇ ಇಲ್ಲ. ಎಪ್ಪತ್ತರ ಹೆಣ್ಣುಮಗಳು ಅದರ ಮೇಲೆ ಕಾಲಿಟ್ಟರೆ ತೊಡೆಯ ಕೀಲು ಹೋಯಿತು. ಗದಗಿಗೋ ಹುಬ್ಬಳ್ಳಿಗೋ ಆಸ್ಪತ್ರೆಗೆ ಓಡಬೇಕು. ನೀವು ರಜೆ ಹಾಕಿ ರಾತ್ರಿ ಬಸ್ಸು ಹಿಡಿದು ಬರಬೇಕು. ಆ ಖರ್ಚಿನಲ್ಲಿ ಇಡೀ ಮನೆಗೆ ಎರಡು ಸಲ ನೆಲ ಹಾಸಬಹುದು.

ಟೈಲ್ಸು ಕೊಳ್ಳುವಾಗ ಮೋಸ ಹೋಗುವುದು ದರದಲ್ಲಿ ಕಡಿಮೆ, ಲೆಕ್ಕದಲ್ಲಿ ಹೆಚ್ಚು. ಎರಡಡಿ ಟೈಲ್ಸು ಒಂದು ಡಬ್ಬಿಗೆ ಸಾಮಾನ್ಯವಾಗಿ 4 ಬರುತ್ತವೆ. 16 ಚದರಡಿ ಎಂದು ಬಾಯಲ್ಲಿ ಹೇಳುತ್ತೇವೆ. ಅಳತೆ 600 ಮಿಲಿಮೀಟರ್ ಆದ್ದರಿಂದ ನಿಜದಲ್ಲಿ ಹದಿನೈದೂವರೆ. 10ಕ್ಕೆ 12 ಅಡಿ ಕೋಣೆಗೆ 8 ಡಬ್ಬಿ ಸಾಲುವಂತೆ ಕಾಣುತ್ತದೆ, ಮೂಲೆ ಕಟಿಂಗು ಸೇರಿದರೆ ಸಾಲುವುದಿಲ್ಲ, 9 ತರಿಸಿ. ಎಲ್ಲ ಡಬ್ಬಿಯ ಮೇಲೂ ಬ್ಯಾಚ್ ನಂಬರು, ಶೇಡ್ ಒಂದೇ ಇದೆಯೇ ನೋಡಿ. ಆಮೇಲೆ ಒಂದು ಡಬ್ಬಿ ಬೇಕು ಎಂದು ಬಂದರೆ ಅದೇ ಬಣ್ಣ ಸಿಗುವುದಿಲ್ಲ. ಈ ಮಾಲಿನಲ್ಲಿ ಬಹುಪಾಲು ಗುಜರಾತಿನ ಮೊರ್ಬಿಯಿಂದ ಬರುತ್ತದೆ, ನಮ್ಮ ಅಂಗಡಿಯಲ್ಲಿ ತಯಾರಾಗುವುದಲ್ಲ.

ಹಾಕುವುದರಲ್ಲಿಯೂ ಒಂದು ಗುಟ್ಟಿದೆ, ನಿಮ್ಮಲ್ಲಿ ಟೈಲ್ಸ್ ಕೆಲಸವೇ ಮಾಡುವವರಿಗೆ ಗೊತ್ತಿರುತ್ತದೆ. ವಿಟ್ರಿಫೈಡ್ ಟೈಲ್ಸು ನೀರು ಹೀರುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಬರೀ ಸಿಮೆಂಟ್ ರಾಡಿ ಬಳಿದು ಕೂರಿಸಿದರೆ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಟೈಲ್ಸಿಗೆಂದೇ ಬರುವ ಅಂಟುಪುಡಿ ಕಲಸಿ ಹಚ್ಚಬೇಕು. ಎರಡು ಟೈಲ್ಸಿನ ನಡುವೆ ಸ್ಪೇಸರ್ ಇಟ್ಟು ಎರಡು-ಮೂರು ಮಿಲಿಮೀಟರ್ ಸಂದು ಬಿಡಬೇಕು, ಗೋಡೆಯ ಬುಡದಲ್ಲೂ ಬೆರಳಗಲ ಬಿಟ್ಟು ಸ್ಕರ್ಟಿಂಗಿನಿಂದ ಮುಚ್ಚಬೇಕು. ಸಂದಿಲ್ಲದೆ ಒತ್ತೊತ್ತಿ ಕೂರಿಸಿದರೆ ನೋಡಲು ಚೆಂದ, ಹೌದು. ಬಿಸಿಲ ಕಾವಿಗೆ ಹಿಗ್ಗಲು ಜಾಗವಿಲ್ಲದೆ ಒಂದು ದಿನ ನಡುಮಧ್ಯಾಹ್ನ ಟಪ್ಪೆಂದು ಎರಡು ಟೈಲ್ಸು ಎದುರುಬದುರಾಗಿ ಎದ್ದು ಗುಡಾರದಂತೆ ನಿಲ್ಲುತ್ತವೆ. ಮನೆಯವರು ದೆವ್ವ ಎಂದು ಹೆದರಿದ್ದೂ ಉಂಟು.

ಬಚ್ಚಲಿಗೆ ವಾಟ ಐದಾರು ಅಡಿಗೆ ಒಂದಿಂಚು. ಹಿಡಿದು ಏಳಲು ಗೋಡೆಗೆ ಸ್ಟೀಲಿನ ಹಿಡಿಕೆ. ಹೊಸ್ತಿಲು ಎತ್ತರ ಬೇಡ. ಇದಿಷ್ಟಕ್ಕೆ ಬೀಳುವ ಖರ್ಚು ಒಂದು ಒಳ್ಳೆಯ ಬೂಟಿನ ಜೋಡಿಗಿಂತ ಹೆಚ್ಚಲ್ಲ, ಆದರೂ ಇದನ್ನು ಕೇಳಿ ಬರೆಸಿ ಒಯ್ಯುವವರು ಕಡಿಮೆ.

ಮಾಳಿಗೆಯ ಮಾತು ಸ್ವಲ್ಪ ಕಷ್ಟದ್ದು. ತೊಲೆ, ಜಂತಿಯ ಮೇಲೆ ಮಣ್ಣು ಹಾಕಿದ ಮನೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಿದ ಮೇಲೆ ರಾತ್ರಿ ಅಂಗಳದಲ್ಲಿ ಮಲಗುವ ಮನೆಗಳು ಬೇಕಾದಷ್ಟಿವೆ. ಆದರೆ ಮಾಳಿಗೆಗೆ ವರ್ಷವರ್ಷ ಮಳೆಗೆ ಮುಂಚೆ ಮಣ್ಣು ಹಾಕಬೇಕು, ಹುಲ್ಲು ಕೀಳಬೇಕು, ದೋಣಿ ಬಿಡಿಸಬೇಕು. ಅದನ್ನು ಮಾಡುವ ಕೈಗಳು ಈಗ ನಿಮ್ಮ ಜೊತೆಗೆ ಬೆಂಗಳೂರಿನಲ್ಲಿವೆ. ಜಡಿಮಳೆ ವಾರ ಹಿಡಿದರೆ ನೆನೆದ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿದು ಪ್ರಾಣ ಹೋದ ಸುದ್ದಿ ನಮ್ಮ ಭಾಗದಲ್ಲಿ ಹೊಸದಲ್ಲ. ಗೋಡೆ ಉಬ್ಬಿದ್ದರೆ, ತೊಲೆಗೆ ಗೆದ್ದಲು ಹತ್ತಿದ್ದರೆ ಭಾವನೆ ಬದಿಗಿಟ್ಟು ಕೆಡವಿ. ಗಟ್ಟಿಯಿದ್ದರೆ ಕೆಡವಬೇಡಿ, ಮಾಳಿಗೆಯ ಮೇಲೆ ಗಾಳಿಯಾಡುವ ಹಾಗೆ ಎತ್ತರಿಸಿ ತಗಡು ಹೊದಿಸಿದರೆ ಮಳೆಯ ಕಾಟ ತಪ್ಪುತ್ತದೆ, ತಂಪೂ ಉಳಿಯುತ್ತದೆ. ಸ್ಲ್ಯಾಬ್ ಆಗಲೇ ಹಾಕಿಸಿದವರು ಪ್ರತಿ ಬೇಸಿಗೆಗೆ ಮೇಲೆ ಬಿಳಿ ಸುಣ್ಣ ಬಳಿಸಿ, ಒಳಗಿನ ಧಗೆ ಮೈಗೆ ತಿಳಿಯುವಷ್ಟು ಇಳಿಯುತ್ತದೆ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾತ್ರ ಬೇಡ. ಎರಡೂ ಒಂದನ್ನೊಂದು ಹಿಡಿಯುವುದಿಲ್ಲ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಒಂದು ದಿನ ಹಾಳೆ ಹಾಳೆಯಾಗಿ ಕಳಚಿ ಬೀಳುತ್ತದೆ, ಬೀಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿಗೆ ಮಣ್ಣು ಇಲ್ಲವೇ ಸುಣ್ಣದ ಗಿಲಾವು. ಮಾಡುವ ಗೌಂಡಿ ಹುಡುಕಿದರೆ ಈಗಲೂ ಸಿಗುತ್ತಾನೆ, ವಯಸ್ಸಾದವನು. ಮಸಾರಿ ಇರುವ ಊರಿನವರು ಗೋಡೆ ಹೊಸದಾಗಿ ಎಬ್ಬಿಸುವುದಿದ್ದರೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ವಿಚಾರಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಆಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎರೆ ಮಣ್ಣು ಅದಕ್ಕೆ ಬರುವುದಿಲ್ಲ.

ಹತ್ಯಾರಗಳ ವಿಷಯಕ್ಕೆ ಬರುತ್ತೇನೆ. ದೀಪಾವಳಿಗೆ ಬರುವಾಗ ಆನ್‌ಲೈನಿನಲ್ಲಿ ನೂರು ತುಂಡಿನ ಟೂಲ್ ಕಿಟ್ ಕೊಂಡು ತರುತ್ತೀರಿ. ಪ್ಲಾಸ್ಟಿಕ್ ಪೆಟ್ಟಿಗೆ, ಬಣ್ಣ ಬಣ್ಣದ ಹಿಡಿ. ಅದರ ಪಾನಾ ಬೋರಿನ ಪೈಪಿನ ನಟ್ಟಿಗೆ ಒಮ್ಮೆ ಹಾಕಿ ತಿರುವಿದರೆ ಬಾಯಿ ಬಿಡುತ್ತದೆ. ಅದರ ಬದಲು ಒಂದು ಒಳ್ಳೆಯ ಇಕ್ಕಳ, ಒಂದು ಪೈಪ್ ಪಾನಾ, ಎರಡು ಅಳತೆಯ ಸ್ಕ್ರೂಡ್ರೈವರು, ಟೆಸ್ಟರು, ಹ್ಯಾಕ್ಸಾ, ಸುತ್ತಿಗೆ, ಇಂಚುಟೇಪು, ಇಷ್ಟನ್ನು ಕೈಯಲ್ಲಿ ತೂಗಿ ನೋಡಿ ಕೊಡಿಸಿ, ಸಾಕು. ಡ್ರಿಲ್ ಮಷೀನ್ ಮನೆಗೊಂದು ಬೇಕೇ? ಓಣಿಗೊಂದು ಇದ್ದರೆ ಆಯಿತು. ಕಲ್ಲು-ಮಣ್ಣಿನ ಗೋಡೆಯಲ್ಲಿ ಡ್ರಿಲ್ ಹೊಡೆದು ಪ್ಲಗ್ ಹಾಕಿದರೆ ಅದು ಹಿಡಿಯುವುದು ಕಲ್ಲನ್ನಲ್ಲ, ಸಂದಿನ ಮಣ್ಣನ್ನು. ಟಿವಿ ತೂಗು ಹಾಕುವುದಿದ್ದರೆ ಕಲ್ಲಿನ ನಡುಭಾಗ ಹುಡುಕಿ ಅದರೊಳಗೇ ಹೊಡೆಸಿ, ಇಲ್ಲದಿದ್ದರೆ ಟೇಬಲ್ ಮೇಲೆ ಇಡಿ. ಮೀಟರ್ ಪೆಟ್ಟಿಗೆಯ ಪಕ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು, ಹಾಕಿಸುವುದನ್ನು ಮರೆಯಬೇಡಿ. ಒದ್ದೆ ಕೈಯಲ್ಲಿ ಮೋಟರ್ ಸ್ವಿಚ್ ಮುಟ್ಟುವುದು ನಿಮ್ಮಪ್ಪನ ನಿತ್ಯದ ಕೆಲಸ.

ಗೌಂಡಿಯ ಬಳಿ ಥಾಪಿ, ಗುಂಡು ಇದ್ದೇ ಇರುತ್ತವೆ. ರಸಮಟ್ಟ ಇದೆಯೇ ಕೇಳಿ, ಇಲ್ಲದಿದ್ದರೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಲಿ, ಕಣ್ಣಳತೆ ಬೇಡ. ಟೈಲ್ಸ್ ಕತ್ತರಿಸುವಾಗ ನೀರು ಹನಿಸಿ ಕತ್ತರಿಸಲು ಹೇಳಿ. ಒಣ ಕಟಿಂಗಿನಿಂದ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಾನುಗಟ್ಟಲೆ ಉಸಿರಾಡಿದರೆ ಪುಪ್ಪುಸ ಗಟ್ಟಿಯಾಗುತ್ತದೆ, ಆ ರೋಗಕ್ಕೆ ಮದ್ದಿಲ್ಲ. ಟವೆಲ್ಲು ಮುಖಕ್ಕೆ ಸುತ್ತಿಕೊಂಡರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ. ಕತ್ತರಿಸುವವನೂ ಯಾರದೋ ಮನೆಯ ಮಗ. ಗೋವಾದಲ್ಲಿ ಅದೇ ಕೆಲಸ ಮಾಡುವ ನಿಮಗೂ ಈ ಮಾತು ಸೇರಿತು.

ಕಾಂಕ್ರೀಟಿಗೆ ನೀರು ಹೊಡೆಯುವುದನ್ನು ಅಪ್ಪ-ಅವ್ವನ ಮೇಲೆ ಬಿಡಬೇಡಿ. ಈಗ ಸಿಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆ ಇರಬೇಕು, ನಮ್ಮ ಒಣ ಗಾಳಿಗೆ ಎರಡು ವಾರ ಒಳ್ಳೆಯದು. ಅದಕ್ಕೊಬ್ಬ ಆಳಿನ ಪಗಾರ ಲೆಕ್ಕದಲ್ಲಿ ಬರೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಅಲ್ಲಿ ಉಳಿದದ್ದನ್ನು ಇಲ್ಲಿ ಹಾಕಿದರಾಯಿತು. ಬಿಲ್ಲು ಕೇಳಿ ಪಡೆಯಿರಿ, ನನ್ನ ಅಂಗಡಿಯಲ್ಲಾದರೂ ಸರಿ.

ಇನ್ನೊಂದು ಬೇಡಿಕೆ. ಬೇಸಿಗೆಯಲ್ಲಿ ಫಕೀರೇಶ್ವರ ಜಾತ್ರೆಗೆ ಬಂದವರು ಎರಡೇ ದಿನದಲ್ಲಿ ಎಲ್ಲ ತೀರ್ಮಾನ ಮಾಡಿ, ಮುಂಗಾರು ಹನಿಯುವುದರೊಳಗೆ ನೆಲ ಮುಗಿಯಬೇಕು ಎಂದು ಗೌಂಡಿಯ ಬೆನ್ನು ಹತ್ತುತ್ತೀರಿ. ಬಾಯಿ ಬಿಟ್ಟು ಒಣಗಿದ ಎರೆಯ ಮೇಲೆ ಅವಸರದಲ್ಲಿ ಹಾಕಿದ ನೆಲ ಮೊದಲ ಮಳೆಗೇ ಏಳುತ್ತದೆ. ಜಾತ್ರೆಗೆ ಬಂದಾಗ ನೋಡಿ, ಅಳೆಯಿರಿ, ಕೇಳಿ. ಕೆಲಸ ದೀಪಾವಳಿ ದಾಟಿದ ಮೇಲೆ ಹಿಡಿಯಿರಿ. ಆಗ ಮಳೆ ನಿಂತಿರುತ್ತದೆ, ಮಣ್ಣು ಹದಕ್ಕೆ ಬಂದಿರುತ್ತದೆ, ಚಳಿಗೆ ಕಾಂಕ್ರೀಟೂ ಬೇಗ ಒಣಗುವುದಿಲ್ಲ. ನಿಮ್ಮಲ್ಲಿ ಒಬ್ಬರಾದರೂ ನಾಲ್ಕು ದಿನ ರಜೆ ಹಾಕಿ, ಟೈಲ್ಸ್ ಹಾಕುವ ದಿನಕ್ಕಲ್ಲ, ಗರಸು ಬಡಿಯುವ ದಿನಕ್ಕೆ ಬಂದು ನಿಲ್ಲಿ.

ಇಂತಿ,
ಶಿರಹಟ್ಟಿಯ ಒಬ್ಬ ಹಾರ್ಡ್‌ವೇರ್ ಅಂಗಡಿಕಾರ